ಪಾಯ ತೆಗೆಯುವ ಮೊದಲು ಲೆಕ್ಕ ತೆಗೆಯೋಣ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದಾರೆ. ಮದುವೆ ಖರ್ಚಿನ ಪಟ್ಟಿ ಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಸೀರೆ ಅಂತ ಬೆರಳೆಣಿಸಿ ಹೇಳುತ್ತೀರಿ. ಆದರೆ ಮನೆ ಕಟ್ಟುವಾಗ ಮಾತ್ರ "ಮೇಸ್ತ್ರಿ ಹೇಳಿದ್ದಾರೆ, ಇಷ್ಟಾಗುತ್ತಂತೆ" ಎಂದು ಸುಮ್ಮನಾಗುತ್ತೇವೆ. ಸಾಲದ ಕಂತು ಕಟ್ಟುವವರು ನಾವು, ಲೆಕ್ಕ ಇನ್ನೊಬ್ಬರ ಬಾಯಲ್ಲಿ! ಇವತ್ತು ಈ ವಿಷಯ ಮಾತಾಡೋಣ.

ಮೊದಲು ನಮ್ಮದೇ ತಪ್ಪನ್ನು ಹೇಳಿಕೊಳ್ಳುತ್ತೇವೆ. 2018ರಲ್ಲಿ ನಮ್ಮ ಒಂದು ಸಂಘದ ಸದಸ್ಯೆ 300 ಚದರ ಅಡಿಯ ಮನೆ ಕಟ್ಟಲು ಹೊರಟರು. ಸಂಘದಿಂದ 50 ಸಾವಿರ ಸಾಲ, ಒಡವೆ ಅಡವಿಟ್ಟು ಸ್ವಲ್ಪ, ಉಳಿದದ್ದು ಕೂಡಿಟ್ಟ ಹಣ. "ಎಲ್ಲಾ ಸೇರಿ 3 ಲಕ್ಷ" ಎಂದು ಮೇಸ್ತ್ರಿ ಬಾಯಿಮಾತಿನಲ್ಲಿ ಹೇಳಿದರು. ಗೋಡೆ ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ 2 ಲಕ್ಷ 40 ಸಾವಿರ ಮುಗಿದಿತ್ತು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರು. ಎರಡು ಮಳೆಗಾಲ ಆ ಗೋಡೆ ನೆನೆಯಿತು. ಪಾಚಿ ಕಟ್ಟಿತು. ಆದರೂ ಆಕೆ ಪ್ರತಿ ವಾರ ಸಭೆಗೆ ಬಂದು ಕಂತು ಕಟ್ಟುತ್ತಿದ್ದರು, ಸೂರಿಲ್ಲದ ಮನೆಗೆ!

"ಸಿಸ್ಟರ್, ದುಡ್ಡು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ" ಎಂದು ಆಕೆ ಅತ್ತಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಸಾಲದ ಅರ್ಜಿಗೆ ಶಿಫಾರಸು ಮಾಡಿದವರು ನಾವೇ. "ಅಂದಾಜು ಪಟ್ಟಿ ಎಲ್ಲಿ?" ಎಂದು ನಾವು ಒಂದು ಮಾತು ಕೇಳಿರಲಿಲ್ಲ. ಆಮೇಲೆ ಇಂಜಿನಿಯರೊಬ್ಬರು ಅಳೆದು ನೋಡಿ, ಆ ಮನೆಗೆ ಮೊದಲಿಂದಲೂ 4 ಲಕ್ಷಕ್ಕಿಂತ ಹೆಚ್ಚೇ ಬೇಕಿತ್ತು ಎಂದರು. ಹಾಗಾದರೆ ಮೇಸ್ತ್ರಿ ಮೋಸ ಮಾಡಿದರೋ, ಅವರಿಗೂ ಲೆಕ್ಕ ಗೊತ್ತಿರಲಿಲ್ಲವೋ? ಹೇಳುವುದಕ್ಕೆ ಬರುವುದಿಲ್ಲ. ಲೆಕ್ಕ ಬರೆದಿಡದ ಕಡೆ ಮೋಸವನ್ನೂ ತೋರಿಸಲಾಗದು, ಪ್ರಾಮಾಣಿಕತೆಯನ್ನೂ ತೋರಿಸಲಾಗದು.

ಅಂದಾಜು ಪಟ್ಟಿ ಅಂದರೆ ಏನು?

ಇಂಜಿನಿಯರುಗಳು 'ಎಸ್ಟಿಮೇಟ್' ಅನ್ನುತ್ತಾರೆ. ಅದರಲ್ಲಿ ಮೂರೇ ವಿಷಯ ಇರುವುದು: ಯಾವ ಕೆಲಸ, ಎಷ್ಟು ಅಳತೆ, ಏನು ದರ. ಅಳತೆಯನ್ನು ದರದಿಂದ ಗುಣಿಸಿದರೆ ಖರ್ಚು ಬರುತ್ತದೆ. ಲೋಕೋಪಯೋಗಿ ಇಲಾಖೆಯವರು ಪ್ರತಿ ಕೆಲಸಕ್ಕೂ ದರಪಟ್ಟಿ ಮಾಡಿರುತ್ತಾರೆ. ಅದಕ್ಕೆ 'ಎಸ್.ಆರ್.' ಅನ್ನುತ್ತಾರೆ. ನಮ್ಮ ಮನೆಗೆ ನಾವು ಊರಿನ ಎರಡು ಮೂರು ಅಂಗಡಿಯಲ್ಲಿ ಕೇಳಿ, ತಾರೀಕು ಹಾಕಿ ದರ ಬರೆದುಕೊಂಡರೆ ಸಾಕು.

"ಚದರಕ್ಕೆ ಇಷ್ಟು" ಅಂತ ಒಟ್ಟು ದರ ಹೇಳುವುದು ನಮ್ಮ ಕಡೆ ರೂಢಿ. ಒಂದು ಚದರ ಅಂದರೆ 100 ಚದರ ಅಡಿ. ಮೊದಲ ಅಂದಾಜಿಗೆ ಅದು ಸರಿ. ಆದರೆ ಆ ದರದಲ್ಲಿ ಏನೇನು ಸೇರಿದೆ? ಬಾಗಿಲು, ಕಿಟಕಿ ಇದೆಯೇ? ವೈರಿಂಗ್? ಶೌಚಾಲಯದ ಗುಂಡಿ? ಪಾಯಕ್ಕೆ ತುಂಬುವ ಮಣ್ಣು? ಬಣ್ಣ? ಜಗಳ ಹುಟ್ಟುವುದು ಇಲ್ಲೇ.

ನಾವೇ ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ 15 ಅಡಿ ಅಗಲ, 20 ಅಡಿ ಉದ್ದದ ಮನೆ ತೆಗೆದುಕೊಳ್ಳಿ.

ಗೋಡೆ: ಸುತ್ತಳತೆ 70 ಅಡಿ, ಎತ್ತರ 10 ಅಡಿ. ಅಲ್ಲಿಗೆ 700 ಚದರ ಅಡಿ. ಒಳಗೆ 14 ಅಡಿಯ ಒಂದು ಅಡ್ಡಗೋಡೆ, ಅದು 140. ಒಟ್ಟು 840. ಬಾಗಿಲು ಕಿಟಕಿಗಳ ಜಾಗ ಸುಮಾರು 110 ಕಳೆಯಿರಿ. ಉಳಿದದ್ದು 730 ಚದರ ಅಡಿ. 16 ಇಂಚು ಉದ್ದ, 8 ಇಂಚು ಎತ್ತರದ ಸಿಮೆಂಟ್ ಬ್ಲಾಕ್ ಆದರೆ 100 ಚದರ ಅಡಿಗೆ ಸುಮಾರು 112 ಬೇಕು. ಅಂದರೆ 820. ಒಡೆಯುವುದಕ್ಕೆ 40 ಸೇರಿಸಿದರೆ 860. ಯಾರಾದರೂ "1,200 ಬ್ಲಾಕು ತರಿಸಿ" ಎಂದರೆ, "ಯಾವ ಗೋಡೆಗೆ?" ಎಂದು ಕೇಳುವ ಧೈರ್ಯ ಈಗ ನಿಮಗೆ ಬರುತ್ತದೆ.

ಪ್ಲಾಸ್ಟರಿಂಗ್: ಗೋಡೆಗೆ ಎರಡು ಮುಖ ಇರುತ್ತದೆ, ಮರೆಯಬೇಡಿ! ಒಳಗೂ ಹೊರಗೂ ಸೇರಿ 1,460 ಚದರ ಅಡಿ. ಬಹಳ ಜನರ ದುಡ್ಡು ಮುಗಿದುಹೋಗುವುದು ಇಲ್ಲೇ.

ತಾರಸಿ: 300 ಚದರ ಅಡಿಗೆ 4 ಇಂಚು ದಪ್ಪದ ಸ್ಲ್ಯಾಬ್ ಎಂದರೆ 100 ಘನ ಅಡಿ ಕಾಂಕ್ರೀಟು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬ ಮಿಶ್ರಣಕ್ಕೆ ಸುಮಾರು 23 ಮೂಟೆ ಸಿಮೆಂಟು, 42 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್, 84 ಘನ ಅಡಿ ಜಲ್ಲಿ ಬೇಕು. ಅದೇ ಸ್ಲ್ಯಾಬ್ 5 ಇಂಚು ಆದರೆ ಎಲ್ಲವೂ ಕಾಲು ಭಾಗ ಹೆಚ್ಚು. ಸಿಮೆಂಟೇ 29 ಮೂಟೆಯ ಹತ್ತಿರ ಹೋಗುತ್ತದೆ. ದಪ್ಪ ಎಷ್ಟಿರಬೇಕು, ಕಬ್ಬಿಣ ಎಷ್ಟು ಬೇಕು ಎನ್ನುವುದನ್ನು ಇಂಜಿನಿಯರ್ ನಕ್ಷೆಯಲ್ಲಿ ಬರೆದುಕೊಡಬೇಕು. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು.

ಆಕಸ್ಮಿಕ ಖರ್ಚು: ಸರ್ಕಾರಿ ಎಸ್ಟಿಮೇಟಿನಲ್ಲೂ ಇದಕ್ಕೊಂದು ಸಾಲು ಇರುತ್ತದೆ. ನೂರಕ್ಕೆ ಹತ್ತು ರೂಪಾಯಿ ಬೇರೆ ತೆಗೆದಿಡಿ. ಪಾಯದಲ್ಲಿ ಬಂಡೆ ಸಿಗಬಹುದು, ಮರಳಿನ ದರ ಏರಬಹುದು, ಮಳೆ ಬರಬಹುದು.

ಸಾಮಾನು ಬಂದಾಗ ಅಳೆಯಿರಿ

ಒಂದು ಲೋಡು ಅಂದರೆ ಎಷ್ಟು? ಟ್ರೇಲರಿನ ಉದ್ದ, ಅಗಲ ಮತ್ತು ಮರಳು ತುಂಬಿದ ಎತ್ತರ ಅಳೆದು ಗುಣಿಸಿ. 10 ಅಡಿ ಉದ್ದ, 5 ಅಡಿ ಅಗಲದ ಟ್ರೇಲರಿನಲ್ಲಿ 2 ಅಡಿ ತುಂಬಿದ್ದರೆ 100 ಘನ ಅಡಿ. ಒಂದೂವರೆ ಅಡಿ ಇದ್ದರೆ 75 ಮಾತ್ರ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ.

ಕಬ್ಬಿಣಕ್ಕೂ ಲೆಕ್ಕ ಇದೆ. 12 ಮೀಟರ್ ಉದ್ದದ 8 ಎಂ.ಎಂ. ಕಂಬಿ ಒಂದಕ್ಕೆ ಸುಮಾರು ನಾಲ್ಕೂಮುಕ್ಕಾಲು ಕೆ.ಜಿ., 12 ಎಂ.ಎಂ. ಕಂಬಿಗೆ ಸುಮಾರು ಹತ್ತೂವರೆ ಕೆ.ಜಿ. ಕಂಬಿ ಎಣಿಸಿ ಗುಣಿಸಿ, ಬಿಲ್ಲಿನ ತೂಕದ ಜೊತೆ ಹೋಲಿಸಿ. ಸಿಮೆಂಟು ಮೂಟೆಯ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಬೇಡ ಅನ್ನಿ. ತಂದ ಮೇಲೆ ನೆಲಕ್ಕೆ ತಾಗದಂತೆ ಹಲಗೆ ಮೇಲೆ ಜೋಡಿಸಿ.

ನಮ್ಮ ಸಂಘಗಳಲ್ಲೇ ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರಿದ್ದಾರೆ. ಒಂದು ಮೂಟೆ ಸಿಮೆಂಟಿಗೆ ಎಷ್ಟು ಬಾಂಡ್ಲಿ ಮರಳು ಹೊರಬೇಕು ಎನ್ನುವುದು ಅವರ ತಲೆಗೂ ಸೊಂಟಕ್ಕೂ ಗೊತ್ತು. ಆದರೆ "ನೀವೇನಂತೀರಿ?" ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾವು ಕೇಳೋಣ.

ಕೆಲಸ ಮುಂದೆ, ಹಣ ಹಿಂದೆ

ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಿಗೆ ಹಣ ಹಂತ ಹಂತವಾಗಿ ಬರುವುದು ನಿಮಗೆ ಗೊತ್ತೇ ಇದೆ: ಪಾಯ, ಲಿಂಟಲ್, ಛಾವಣಿ, ಪೂರ್ಣ. ಆ ಹಂತ ಮುಗಿದ ಫೋಟೋ ಇಲ್ಲದೆ ದುಡ್ಡು ಬರುವುದಿಲ್ಲ. "ಸರ್ಕಾರ ಸತಾಯಿಸುತ್ತೆ" ಅಂತ ನಾವು ಬೈಯುತ್ತೇವೆ. ಆದರೆ ಆ ಪದ್ಧತಿಯಲ್ಲಿ ಒಂದು ಬುದ್ಧಿ ಇದೆ. ನಮ್ಮ ಸ್ವಂತ ಹಣಕ್ಕೂ ಅದೇ ಬುದ್ಧಿ ಉಪಯೋಗಿಸೋಣ.

ಒಂದು ನೂರು ಪುಟದ ನೋಟುಬುಕ್ಕು ಇಡಿ. ಇಲಾಖೆಯವರಲ್ಲಿ 'ಅಳತೆ ಪುಸ್ತಕ' ಇರುತ್ತದಲ್ಲ, ಹಾಗೆಯೇ. ಒಂದು ಪುಟದಲ್ಲಿ ಬಂದ ಸಾಮಾನು, ಇನ್ನೊಂದರಲ್ಲಿ ಆಳುಗಳ ಹಾಜರಿ, ಮತ್ತೊಂದರಲ್ಲಿ ಆದ ಕೆಲಸದ ಅಳತೆ ಮತ್ತು ಕೊಟ್ಟ ಹಣ. ಶನಿವಾರ ಬಟವಾಡೆಗೆ ಮೊದಲು ಟೇಪು ಹಿಡಿದು ಅಳೆದು ಬರೆಯಿರಿ. ಮೇಸ್ತ್ರಿಯ ಸಹಿ ತೆಗೆದುಕೊಳ್ಳಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಅವರ ಕೂಲಿಗೂ ಅದೇ ಸಾಕ್ಷಿ. ಕೊನೆಯ ಸ್ವಲ್ಪ ಹಣವನ್ನು, ಒಂದು ಮಳೆ ನೋಡಿ ಸೋರುವುದಿಲ್ಲ ಎಂದು ಗೊತ್ತಾದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಆದರೆ ಆಳುಗಳ ವಾರದ ಕೂಲಿಯನ್ನು ಮಾತ್ರ ಒಂದು ದಿನವೂ ಹಿಡಿಯಬಾರದು. ಅವರಲ್ಲೂ ನಮ್ಮಂಥ ಹೆಣ್ಣುಮಕ್ಕಳಿದ್ದಾರೆ.

ನೀರು: ಕಡಿಮೆ ಎಲ್ಲಿ, ಜಾಸ್ತಿ ಎಲ್ಲಿ?

ಕಲಸುವಾಗ ನೀರು ಜಾಸ್ತಿಯಾದರೆ ಕಾಂಕ್ರೀಟಿನ ಶಕ್ತಿ ಕುಗ್ಗುತ್ತದೆ. ಸ್ಲ್ಯಾಬಿನ ಮಿಶ್ರಣಕ್ಕೆ ಒಂದು ಮೂಟೆ ಸಿಮೆಂಟಿಗೆ 30 ಲೀಟರ್ ಮೀರಬಾರದು. ಸುಮಾರು ಎರಡು ಕೊಡ ಅಂದುಕೊಳ್ಳಿ. ಸಲೀಸಾಗಿ ಹರಿಯಲಿ ಎಂದು ಸುರಿಯಲು ಬಿಡಬೇಡಿ. ಹಾಕಿದ ಮೇಲೆ ಮಾತ್ರ ನೀರಿಗೆ ಜಿಪುಣತನ ಬೇಡ. ತಾರಸಿ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕನಿಷ್ಠ 10 ದಿನ, ಆದರೆ 14 ದಿನ ಒಣಗದಂತೆ ನೋಡಿಕೊಳ್ಳಿ. ಇಂಜಿನಿಯರ್ ಒಪ್ಪುವ ತನಕ ಸೆಂಟ್ರಿಂಗ್ ಬಿಚ್ಚಿಸಬೇಡಿ. ಈ ನೀರು ಹೊರುವವರು ಸಾಮಾನ್ಯವಾಗಿ ಮನೆಯ ಹೆಂಗಸರೇ. ಆ ಶ್ರಮವನ್ನೂ ಅಂದಾಜು ಪಟ್ಟಿಯಲ್ಲಿ ಬರೆಯಿರಿ, ಅದೂ ಖರ್ಚೇ.

ಆ ಮನೆ ಏನಾಯಿತು?

ಆ ಸದಸ್ಯೆಯ ಮನೆ ಏನಾಯಿತು ಎಂದು ಕೇಳುತ್ತೀರಿ. ಸಂಘದವರೆಲ್ಲ ಒಂದು ಭಾನುವಾರ ಟೇಪು ಹಿಡಿದು ಹೋದೆವು. ಆದ ಕೆಲಸ, ಉಳಿದ ಕೆಲಸ ಬೇರೆ ಬೇರೆ ಬರೆದೆವು. ಗೋಡೆ ಗಟ್ಟಿಯಾಗಿದೆಯೇ ಎಂದು ಇಂಜಿನಿಯರ್ ನೋಡಿದರು. ಎಲ್ಲವನ್ನೂ ಒಟ್ಟಿಗೆ ಮುಗಿಸುವ ಆಸೆ ಬಿಟ್ಟು, ಮೊದಲು ತಾರಸಿ, ಆಮೇಲೆ ಒಳಗಿನ ಪ್ಲಾಸ್ಟರು, ಹೊರಗಿನದು ಮುಂದಿನ ವರ್ಷ ಎಂದು ಹಂತ ಮಾಡಿದೆವು. 2021ರಲ್ಲಿ ಆಕೆ ಒಕ್ಕಲಾದರು. ಹೊರಗಿನ ಗೋಡೆಯಲ್ಲಿ ಆಗಿನ್ನೂ ಬ್ಲಾಕು ಕಾಣುತ್ತಿತ್ತು. ಆದರೆ ನೋಟುಬುಕ್ಕು ಪೂರ್ತಿ ತುಂಬಿತ್ತು. "ಈ ಸಲ ಒಂದು ರೂಪಾಯಿ ಎಲ್ಲಿ ಹೋಯ್ತು ಅಂದ್ರೂ ಹೇಳ್ತೀನಿ ಸಿಸ್ಟರ್" ಎಂದರು.

ಬುನಾದಿ ಹಾಕಿ ಮುಗಿಸಲಾಗದೆ ಊರವರ ನಗೆಗೆ ಗುರಿಯಾದವನ ಕಥೆಯನ್ನು ಯೇಸುಸ್ವಾಮಿಯೂ ಹೇಳಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಆ ನಗೆ ಬೀಳುವುದು ಮನೆಯೊಡತಿಯ ಮೇಲೆ.

ಆದ್ದರಿಂದ ಮನೆ ಸಾಲದ ಅರ್ಜಿ ಬಂದಾಗ ಪ್ರತಿ ಸಂಘವೂ ನಾಲ್ಕು ಪ್ರಶ್ನೆ ಕೇಳಲಿ:

1. ನಕ್ಷೆ ಮತ್ತು ಅಂದಾಜು ಪಟ್ಟಿ ಇದೆಯೇ?
2. ಕೈಯಲ್ಲಿರುವ ಹಣ ಎಷ್ಟು, ಎಲ್ಲಿಯವರೆಗೆ ಸಾಕು?
3. ಮೇಸ್ತ್ರಿಯ ಜೊತೆ ಹಂತದ ಕರಾರು ಬರೆದಿದ್ದೀರಾ?
4. ಅಳತೆ ಬರೆಯುವವರು ಯಾರು?

ಉತ್ತರ ಇಲ್ಲದಿದ್ದರೆ ಸಾಲ ಇಲ್ಲ ಎನ್ನುವುದು ಬೇಡ. ಕೂತು ಉತ್ತರ ಬರೆಯಲು ಸಹಾಯ ಮಾಡಿ, ಆಮೇಲೆ ಸಾಲ ಕೊಡಿ. ಮುಂದಿನ ಸಭೆಗೆ ಬರುವಾಗ ಎಲ್ಲರೂ ತಮ್ಮ ಮನೆಯ ಒಂದು ಗೋಡೆ ಅಳೆದು, ಅದಕ್ಕೆ ಎಷ್ಟು ಬ್ಲಾಕು ಅಥವಾ ಇಟ್ಟಿಗೆ ಎಂದು ಲೆಕ್ಕ ಹಾಕಿ ತನ್ನಿ. ಅಕ್ಷರ ಬಾರದವರಿಗೆ ಮಕ್ಕಳು ಬರೆದುಕೊಡಲಿ, ಟೇಪು ಮಾತ್ರ ನಿಮ್ಮ ಕೈಯಲ್ಲಿರಲಿ.