ಮರುಭೂಮಿ ಬಂಜರಲ್ಲ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬಿಸಿಲಿಗೆ ಬೆಲೆಯಿಲ್ಲವೆಂದು ನಾವು ತಿಳಿದಿದ್ದೆವು. ಈಗ ಬಿಸಿಲನ್ನು ಯೂನಿಟ್ಟಿನ ಲೆಕ್ಕದಲ್ಲಿ ಮಾರುವ ಕಾಲ ಬಂದಿದೆ. ಮಾರಕೂಡದೆಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಕಟ್ಟುವಾಗ ಯಾರ ಪಾಲು ಬಿಟ್ಟುಹೋಯಿತೆಂದು ಕೇಳಲೇಬೇಕು.

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಭಡ್ಲಾ ಎಂಬ ಹಳ್ಳಿಯಿದೆ. ಹಿಂದೆ ಜೋಧಪುರ ಜಿಲ್ಲೆಯಲ್ಲಿತ್ತು, ೨೦೨೩ರಿಂದ ಫಲೋದಿ ಜಿಲ್ಲೆಗೆ ಸೇರಿದೆ. ಅಲ್ಲಿ ಸುಮಾರು ೧೪,೦೦೦ ಎಕರೆಯಲ್ಲಿ ಸೌರಫಲಕಗಳನ್ನು ಸಾಲಾಗಿ ನಿಲ್ಲಿಸಿ, ೨,೨೪೫ ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ಕಟ್ಟಿದ್ದಾರೆ. ನಿಮಗೆ ಮಗ್ಗದ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಅಶ್ವಶಕ್ತಿಯೆಂದರೆ ೭೪೬ ವಾಟ್. ಬಿಸಿಲು ನೆತ್ತಿಗೇರಿ ಕೇಂದ್ರ ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ, ಅಂಥ ೩೦ ಲಕ್ಷ ಮೋಟಾರುಗಳನ್ನು ತಿರುಗಿಸುವಷ್ಟು ಶಕ್ತಿ ಅದು! ಕಲ್ಲಿದ್ದಲು ಸುಡಬೇಕಾಗಿಲ್ಲ, ಹೊಗೆಯಿಲ್ಲ. ನೀರಿಗೆ ಬರವಿರುವ ಆ ಸೀಮೆಯಲ್ಲಿ ಫಲಕಗಳ ಧೂಳನ್ನು ಒಣ ಬ್ರಷ್ಷಿನಿಂದ ಒರೆಸುವ ಯಂತ್ರಗಳೂ ಬಂದಿವೆ. ಇದು ಮನುಷ್ಯನ ಬುದ್ಧಿಗೆ ಸಂದ ಜಯ. ಸಂತೋಷದಿಂದ ಒಪ್ಪೋಣ.

೨೦೧೭ರ ಮೇ ತಿಂಗಳಲ್ಲಿ ಭಡ್ಲಾದ ಹರಾಜಿನಲ್ಲಿ ಯೂನಿಟ್ಟಿಗೆ ೨ ರೂಪಾಯಿ ೪೪ ಪೈಸೆಯ ದರ ಬಂತು. ದೇಶದಲ್ಲಿ ಅದುವರೆಗೆ ಸೌರವಿದ್ಯುತ್ತಿಗೆ ಅಷ್ಟು ಕಡಿಮೆ ದರ ಬಂದಿರಲಿಲ್ಲ. ನಿಮ್ಮ ಅಂಗಡಿಯ ಬಿಲ್ಲನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಸಿಟ್ಟು ಬಂದೀತು. ತಂತಿಯ ಖರ್ಚು, ದಾರಿಯಲ್ಲಾಗುವ ನಷ್ಟ, ಸೂರ್ಯ ಮುಳುಗಿದ ಮೇಲೆ ಬೇರೆ ಕಡೆಯಿಂದ ತರುವ ವಿದ್ಯುತ್ತು, ಇವನ್ನೆಲ್ಲ ಕೂಡಿಸಬೇಕು. ಅದು ನ್ಯಾಯವೇ. ಆದರೆ ಒಂದು ಬಾಬು ಆ ಲೆಕ್ಕಕ್ಕೆ ಸೇರಿಯೇ ಇಲ್ಲ. ಅದು ದನಕುರಿಗಳ ಮೇವಿನ ಬಾಬು.

ಸರ್ಕಾರದ ಕಾಗದದಲ್ಲಿ ಆ ನೆಲದ ಬಹುಭಾಗ ಸರ್ಕಾರಿ ಬಂಜರು. ಊರಿನವರ ಪಾಲಿಗೆ ಅದು ತಲೆಮಾರುಗಳಿಂದ ಕುರಿ, ಮೇಕೆ, ಹಸು, ಒಂಟೆಗಳನ್ನು ಮೇಯಿಸಿದ ಗೋಮಾಳ. ಅಲ್ಲಿ ಬೆಳೆಯುವ ಖೇಜ್ರಿ ಬೇರೆ ಯಾವುದೋ ಮರವಲ್ಲ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ. ಅದರ ಸೊಪ್ಪು ಆಡಿಗೆ ಮೇವು, ಕಾಯಿ ಮನುಷ್ಯರಿಗೆ ಪಲ್ಯ. ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ೧೭೩೦ರಲ್ಲಿ ಈ ಮರಗಳನ್ನು ಉಳಿಸಲು ೩೬೩ ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅಂಥ ನಾಡಿನ ನೆಲವನ್ನು ಬಂಜರೆಂದು ಬರೆಯಲು ಒಂದು ಲೇಖನಿ ಸಾಕಾಯಿತು. ಬೇಲಿ ಬಿತ್ತು, ಕುರಿಗಾಹಿ ಹೊರಗುಳಿದ. ಹೆಸರಿನಲ್ಲಿ ಪಟ್ಟಾ ಇಲ್ಲದವನಿಗೆ ಪರಿಹಾರ ಎಲ್ಲಿಂದ ಬರಬೇಕು?

ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿಯ ಸೌರಕೇಂದ್ರ ೨,೦೫೦ ಮೆಗಾವಾಟಿನದು. ಭೂಮಿಯನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆದರು. ನೆಲ ರೈತನ ಹೆಸರಿನಲ್ಲೇ ಉಳಿಯಿತು. ಇದು ಮೇಲು. ಆದರೂ ಪಹಣಿಯಲ್ಲಿ ಹೆಸರಿಲ್ಲದ ಕೂಲಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಉಳುವ ಹೊಲ ಹೋದರೆ ಅವನ ಕೂಲಿಯೂ ಹೋದಂತೆಯೇ.

೨೦೨೪ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ರಾಜಸ್ಥಾನದಲ್ಲಿ 'ಓರಣ್' ಎಂದು ಕರೆಯುವ ದೇವರಕಾಡುಗಳನ್ನು ಒಂದೊಂದಾಗಿ ಅಳೆದು ನಕ್ಷೆಗೆ ಸೇರಿಸಬೇಕೆಂದಿತು. ಒಳ್ಳೆಯ ಮಾತು. ಆದರೆ ಅಳತೆ ಮೊದಲು, ಬೇಲಿ ಆಮೇಲೆ ಆಗಬೇಕು.

ಬಂಧುಗಳೇ, ಬಟ್ಟೆ ಅಗ್ಗವಾದಾಗ ಯಾರ ಕೂಲಿ ಕಡಿದು ಅಗ್ಗಮಾಡಿದರೆಂದು ಕೇಳುವುದನ್ನು ಕಲಿತವರು ನೀವು. ವಿದ್ಯುತ್ತಿನ ವಿಷಯದಲ್ಲೂ ಅದನ್ನೇ ಕೇಳಿ. ಮಾರುವ ಪ್ರತಿ ಯೂನಿಟ್ಟಿನಿಂದ ಕೆಲವು ಪೈಸೆ ಆ ಊರಿನ ನಿಧಿಗೆ ಹೋಗಲಿ. ಪಟ್ಟಾ ಇಲ್ಲದ ಕುರಿಗಾಹಿಗೂ ಕೂಲಿಗೂ ಅದರಲ್ಲಿ ಹಕ್ಕಿರಲಿ. ಕೇಂದ್ರದ ಕಾಯಂ ಕೆಲಸಗಳಲ್ಲಿ ಊರಿನ ಮಕ್ಕಳಿಗೆ, ಬೇಕಾದ ತರಬೇತಿ ಕೊಟ್ಟು, ಮೊದಲ ಅವಕಾಶವಿರಲಿ. ಇದರಿಂದ ದರ ನಾಲ್ಕು ಪೈಸೆ ಹೆಚ್ಚಾದರೆ ನಾವೇ ಕೊಡೋಣ. ಇನ್ನೊಬ್ಬ ಬಡವನ ಮೇವು ಕಿತ್ತುಕೊಂಡು ನಮ್ಮ ಮನೆಯ ದೀಪ ಅಗ್ಗವಾಗುವುದು ಬೇಡ.