ಉಡುಗೊರೆ ಎಂಬ ಕಿಂಡಿ

(ಹಬ್ಬುವಾಡದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



ನಮ್ಮ ಗುಂಪಿನ ಸಭೆಗೆ ವಿಷಯಪಟ್ಟಿ ಇರುವಂತೆ ಸಂಸತ್ತಿಗೂ ದಿನದ ಕಾರ್ಯಕಲಾಪ ಪಟ್ಟಿ ಇರುತ್ತದೆ. 1961ರ ಮೇ 9ರಂದು ಅಲ್ಲಿ ಚರ್ಚೆಗಿದ್ದುದು ವರದಕ್ಷಿಣೆ ನಿಷೇಧ ಮಸೂದೆ. ಲೋಕಸಭೆಗೂ ರಾಜ್ಯಸಭೆಗೂ ಒಮ್ಮತ ಬಾರದೆ, ಮೇ 6 ಮತ್ತು 9ರಂದು ಎರಡೂ ಸದನಗಳು ಒಟ್ಟಿಗೆ ಕುಳಿತವು. ಅದು ಸ್ವತಂತ್ರ ಭಾರತದ ಮೊದಲ ಜಂಟಿ ಅಧಿವೇಶನ. ಆಗ ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಜೋಕಿಂ ಆಳ್ವ. ಅವರ ಪತ್ನಿ ವಯಲೆಟ್ ಆಳ್ವ ರಾಜ್ಯಸಭೆಯಲ್ಲಿದ್ದರು.

ಮಸೂದೆ ಅಂಗೀಕಾರವಾಗಿ ಜುಲೈ 1ರಿಂದ ಜಾರಿಗೆ ಬಂತು. ಆದರೆ ಒಂದು ಕಿಂಡಿ ಉಳಿಯಿತು. ಮದುವೆಗೆ ಪ್ರತಿಫಲವಾಗಿ ಕೊಟ್ಟದ್ದಲ್ಲವಾದರೆ ಹಣ, ಒಡವೆ, ಬಟ್ಟೆ ಎಲ್ಲವೂ ಬರೀ ಉಡುಗೊರೆ ಎಂಬ ವಿವರಣೆ ಅದರಲ್ಲಿತ್ತು. ಅದನ್ನು ತೆಗೆದುಹಾಕಿದ್ದು 1984ರಲ್ಲಿ.

ನಮ್ಮ ಮನೆಗಳಲ್ಲಿ ಆ ಕಿಂಡಿ ಇನ್ನೂ ಮುಚ್ಚಿಲ್ಲ. "ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಹಾಕುತ್ತೀರಿ" ಎಂಬ ಮಾತನ್ನು ಕೇಳದವರು ಯಾರು? ಅದಕ್ಕಾಗಿ ತಾಯಿ ಗುಂಪಿನಲ್ಲಿ ಸಾಲ ಎತ್ತುತ್ತಾಳೆ. ನಮ್ಮ ವಾರದ ಉಳಿತಾಯವೇ ವರದಕ್ಷಿಣೆಯಾಗಿ ಹೋಗುತ್ತದೆ. ಕೊಡುವುದು, ಪಡೆಯುವುದು, ಕೇಳುವುದು ಮೂರೂ ಅಪರಾಧವೆನ್ನುತ್ತದೆ ಕಾನೂನು.

ಮುಂದಿನ ಸಭೆಯ ಪಟ್ಟಿಯಲ್ಲಿ ಇದನ್ನೇ ಮೊದಲು ಬರೆಯಿರಿ: ಮದುವೆ ಸಾಲ ಕೊಡುವ ಮುಂಚೆ, ಗಂಡಿನ ಕಡೆಯವರು ಏನು ಕೇಳಿದ್ದಾರೆಂದು ವಿಚಾರಿಸಬೇಕು. ಕೇಳಿದ್ದರೆ, ಆ ತಾಯಿಯ ಜತೆ ಗುಂಪೇ ಅವರ ಮನೆಗೆ ಹೋಗಿ ಮಾತಾಡಬೇಕು.