ಸೂಳೆಕೆರೆಯ ಮೀನಿನ ಹುರುಪೆ, ಮನುಷ್ಯನ ಗಾಯ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸಂತೆಗಳಲ್ಲಿ ಮೀನಿನ ವ್ಯಾಪಾರ ಮುಗಿದ ಮೇಲೆ ಉಳಿಯುವುದು ಹುರುಪೆ, ಚರ್ಮ, ಮೂಳೆ. ತಿಪ್ಪೆಗೋ ಚರಂಡಿಗೋ ಸೇರುವ ಈ ರಾಶಿಯಲ್ಲಿ ಕೊಲಾಜನ್ ಎಂಬ ಪ್ರೋಟೀನು ಹೇರಳವಾಗಿದೆ. ಮನುಷ್ಯನ ಚರ್ಮವನ್ನೂ ಮೂಳೆಯನ್ನೂ ಹಿಡಿದಿಟ್ಟಿರುವುದು ಅದೇ ಕುಲದ ಪ್ರೋಟೀನು. ವೈದ್ಯವಿಜ್ಞಾನವು ಈ ಎರಡನ್ನೂ ಬೆಸೆಯಲು ಹೊರಟಿದೆ. ಈ ಸಂಗತಿ ಪರಿಸರದ ಕಾಳಜಿ ಉಳ್ಳವರಿಗೆ ಏಕೆ ಮುಖ್ಯ ಎಂಬುದೇ ಇಂದಿನ ವಿಷಯ.

ಅಂಗಾಂಶ ಎಂಜಿನಿಯರಿಂಗ್ ಎಂಬ ವಿದ್ಯೆಯ ತಿರುಳು ಸರಳವಾದುದು. ಚಪ್ಪರದವರೆಯ ಬಳ್ಳಿಗೆ ಹಂದರ ಹಾಕಿಕೊಟ್ಟರೆ ಸಾಕು, ಹಬ್ಬುವ ಕೆಲಸ ಬಳ್ಳಿಯದೇ. ಹಾಗೆಯೇ ಗಾಯದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳುಳ್ಳ ಹಂದರವೊಂದನ್ನು ಇಟ್ಟರೆ ಸುತ್ತಲಿನ ಜೀವಕೋಶಗಳು ಅದರೊಳಗೆ ನೆಲೆನಿಂತು ಹೊಸ ಅಂಗಾಂಶವನ್ನು ಕಟ್ಟುತ್ತವೆ. ಹಂದರ ಕ್ರಮೇಣ ಕರಗಿಹೋಗುತ್ತದೆ. ಇದಕ್ಕೆ ಬೇಕಾದ ಕೊಲಾಜನ್ ಬಹುಕಾಲ ದನ ಹಾಗೂ ಹಂದಿಗಳಿಂದಲೇ ಬರುತ್ತಿತ್ತು. ಬ್ರಿಟನ್ನಿನಲ್ಲಿ 1980-90ರ ದಶಕಗಳಲ್ಲಿ ಹಬ್ಬಿದ ಹುಚ್ಚು ದನದ ರೋಗ ಆ ಮೂಲದ ಮೇಲೆ ಶಂಕೆ ತಂದಿತು. ಧಾರ್ಮಿಕ ಆಕ್ಷೇಪಗಳಂತೂ ಮೊದಲಿನಿಂದಲೂ ಇದ್ದವು. ಆಗ ದೃಷ್ಟಿ ಮೀನಿನತ್ತ ಹೊರಳಿತು. ಐಸ್‌ಲ್ಯಾಂಡಿನ ಕೆರೆಸಿಸ್ ಸಂಸ್ಥೆಯು ಕಾಡ್ ಮೀನಿನ ಚರ್ಮವನ್ನು ಸಂಸ್ಕರಿಸಿ ಗಾಯಕ್ಕೆ ಹೊದಿಸುವ ಪಟ್ಟಿ ತಯಾರಿಸಿತು. ಅಮೆರಿಕದಲ್ಲಿ ಅದಕ್ಕೆ 2013ರಲ್ಲಿ ಅನುಮತಿ ದೊರೆಯಿತು. ಬ್ರೆಜಿಲ್ಲಿನ ಫೋರ್ಟಲೆಜಾದ ವೈದ್ಯರು ಸುಟ್ಟ ಗಾಯಗಳಿಗೆ ತಿಲಾಪಿಯ ಮೀನಿನ ಚರ್ಮವನ್ನು ಹೊದಿಸಿ ಚಿಕಿತ್ಸೆ ನೀಡಿದರು.

ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಕೊಲಾಜನ್ ಎಂದರೆ ಮೂರು ಎಳೆಗಳನ್ನು ಹೊಸೆದ ಹಗ್ಗ. ಬಿಸಿ ತಗುಲಿದರೆ ಹೊಸೆತ ಬಿಚ್ಚಿ ಅದು ಬರಿಯ ಜೆಲಟಿನ್ ಆಗುತ್ತದೆ. ಹೊಸೆತವನ್ನು ಬಿಗಿಯಾಗಿಡುವುದು ಹೈಡ್ರಾಕ್ಸಿಪ್ರೊಲಿನ್ ಎಂಬ ಅಮೈನೊ ಆಮ್ಲ. ತಣ್ಣೀರಿನ ಮೀನಿನಲ್ಲಿ ಅದು ಕಡಿಮೆ. ಆದ್ದರಿಂದ ಕಾಡ್ ಮೀನಿನಿಂದ ಬೇರ್ಪಡಿಸಿದ ಕೊಲಾಜನ್ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ಇಡೀ ಚರ್ಮದಲ್ಲಿ ನಾರುಗಳು ಒಂದಕ್ಕೊಂದು ಬಂಧಿಸಿಕೊಂಡಿರುವುದರಿಂದ ಅದು ತಾಳಿಕೊಳ್ಳುತ್ತದೆ. ಬಿಸಿಲುನಾಡಿನ ಕೆರೆಗಳಲ್ಲಿ ಬೆಳೆಯುವ ರೋಹು, ಕಾಟ್ಲಾಗಳ ಕೊಲಾಜನ್ನಾದರೋ ಸುಮಾರು 35 ಡಿಗ್ರಿಯವರೆಗೆ ತಡೆಯಬಲ್ಲದು. ಮನುಷ್ಯದೇಹದ 37 ಡಿಗ್ರಿಗೆ ಇದು ತೀರ ಸಮೀಪ. ಎಳೆಗಳ ನಡುವೆ ರಾಸಾಯನಿಕ ಬೆಸುಗೆ ಹಾಕಿ ಉಳಿದ ಕೊರತೆಯನ್ನು ತುಂಬಬಹುದು. ಹುರುಪೆಯಲ್ಲಿ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಸಹ ಇದೆ. ಅಂದರೆ ಸೂಳೆಕೆರೆಯ ದಡದಲ್ಲಿ ಕೆರೆದು ಎಸೆಯುವ ಹುರುಪೆಯು ಈ ಒಂದು ಗುಣದಲ್ಲಿ ದೂರದ ಹಿಮಸಾಗರದ ಮೀನಿಗಿಂತ ಮೇಲು.

ಆದರೆ ಹುರುಪೆಯು ತಾನು ಬೆಳೆದ ನೀರಿನ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ. ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳು ಅದರಲ್ಲಿ ಸೇರಿಕೊಳ್ಳುತ್ತವೆ. ತಟ್ಟೆಗೆ ಬರುವ ಮೀನಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳುವ ವ್ಯವಸ್ಥೆಯು ಗಾಯದೊಳಗೆ ಇಡುವ ಪದಾರ್ಥದ ವಿಷಯದಲ್ಲಿ ಹಾಗೆ ಮಾಡಲಾಗದು. ಯಾವ ನೀರು, ಯಾವ ಮೀನು ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆ ನೇರವಾಗಿ ಘಟ್ಟಕ್ಕೆ ಬಂದು ನಿಲ್ಲುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುತ್ತವೆ. ಭದ್ರಾ ನಾಲೆಯ ನೀರು ಸೂಳೆಕೆರೆಗೂ ಸೇರುತ್ತದೆ. ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ನೆಚ್ಚಿರುವುದು ತುಂಗಭದ್ರೆಯನ್ನೇ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೂ ಭದ್ರೆ ಕೆಂಪು ಹೂಳನ್ನು ಹೊತ್ತು ಹರಿದಳು. 1984ರಲ್ಲಿ ಹರಿಹರದ ಬಳಿ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದನ್ನೂ, ಸಮಾಜ ಪರಿವರ್ತನ ಸಮುದಾಯವು ಆ ಮಾಲಿನ್ಯದ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದನ್ನೂ ಹಿರಿಯರು ಮರೆತಿರಲಾರರು. ಇಂದು ನಗರಗಳ ಕೊಳಚೆ, ತೋಟ ಗದ್ದೆಗಳ ಕೀಟನಾಶಕ ಅದೇ ನೀರಿಗೆ ಬಂದು ಬೀಳುತ್ತಿವೆ.

ಹುರುಪೆಯಿಂದ ದಿಢೀರ್ ಸಂಪತ್ತು ಎಂಬ ಮಾತನ್ನು ನಂಬಬೇಕಾಗಿಲ್ಲ. ಹುರುಪೆಯನ್ನು ತೊಳೆದು, ಖನಿಜ ತೆಗೆದು, 4 ಡಿಗ್ರಿ ತಂಪಿನಲ್ಲಿ ಅಸಿಟಿಕ್ ಆಮ್ಲದಲ್ಲಿ ದಿನಗಟ್ಟಲೆ ನೆನೆಸಿ, ಉಪ್ಪಿನಿಂದ ಬೇರ್ಪಡಿಸಿ, ಶೋಧಿಸಿ, ಹೆಪ್ಪುಗಟ್ಟಿಸಿ ಒಣಗಿಸಬೇಕು. ಇದು ಗುಡಿಕೈಗಾರಿಕೆಯಲ್ಲ. ವಿದ್ಯುತ್ತೂ ನೀರೂ ಬಹಳ ಬೇಕು. ಆಮ್ಲ ಮತ್ತು ಉಪ್ಪಿನ ನೀರನ್ನು ಹಳ್ಳಕ್ಕೆ ಬಿಟ್ಟರೆ ಕಸದಿಂದ ರಸ ತೆಗೆದೆವೆಂಬ ಹೆಮ್ಮೆಗೆ ಅರ್ಥವಿಲ್ಲ. ಮೀನಿನ ಅಲರ್ಜಿ ಇರುವ ರೋಗಿಗಳ ವಿಷಯದಲ್ಲಿ ಎಚ್ಚರವೂ ಬೇಕು. ಅಂಗಡಿಗಳಲ್ಲಿ ಸೌಂದರ್ಯಕ್ಕೆಂದು ಮಾರುವ ಕೊಲಾಜನ್ ಪುಡಿ ಬೇರೆಯೇ ಸರಕು; ಅದರಲ್ಲಿ ಹಗ್ಗ ಆಗಲೇ ತುಂಡುತುಂಡಾಗಿರುತ್ತದೆ, ಅದರಿಂದ ಹಂದರ ಕಟ್ಟಲು ಬಾರದು.

ಇನ್ನೂ ದೊಡ್ಡ ಅಪಾಯ ಬೇಡಿಕೆಯದು. ಚರ್ಮಕ್ಕೆ ಬೆಲೆ ಬಂದೊಡನೆ ಚರ್ಮಕ್ಕಾಗಿಯೇ ಮೀನು ಸಾಕುವ ಆಸೆ ಹುಟ್ಟುತ್ತದೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯವು ಅನೇಕ ಕೆರೆಗಳಲ್ಲಿ ನಾಡ ಮೀನುಗಳ ಜಾಗವನ್ನು ಆಕ್ರಮಿಸಿದ್ದು ತಿಳಿದ ಸಂಗತಿ. ತಿಂದು ಉಳಿದ ಮೀನಿನ ಹುರುಪೆಯಷ್ಟನ್ನೇ ಬಳಸಬೇಕೆಂಬ ಕಟ್ಟು ಮೊದಲೇ ಬೇಕು. ಹುರುಪೆಯನ್ನು ಬೇರೆಯಾಗಿ, ಕೊಳೆಯದಂತೆ ತೆಗೆದಿಡುವ ಕೆಲಸ ಬೀಳುವುದು ಮೀನು ಕೊಯ್ಯುವವರ ಮೇಲೆಯೇ. ಅದಕ್ಕೆ ಬೆಲೆ ನಿಗದಿಯಾಗುವ ದಿನ ಅವರೂ ಮೀನುಗಾರರ ಸಹಕಾರ ಸಂಘವೂ ಮಾತಿಗೆ ಕುಳಿತಿರಬೇಕು. ಅದಕ್ಕೂ ಮುನ್ನ ನಾಲ್ಕು ತಾಲೂಕುಗಳ ಕೆರೆಗಳ ನೀರನ್ನೂ ಹುರುಪೆಯನ್ನೂ ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸುವಂತೆ ಆಯಾ ಊರಿನವರು ಗ್ರಾಮಸಭೆಯಲ್ಲಿ ಕೇಳಬಹುದು.